ಎಲೆಯ ಗ್ರಂಥಿರೋಮ ನೋಡಲು ಯಾವ ಮಸೂರ? ನಾಲ್ಕು ಸಾಧನಗಳ ಹೋಲಿಕೆ

ಟೊಮೆಟೊ ಗಿಡದ ಕುಡಿ ಚಿವುಟಿದರೆ ಬೆರಳಿಗೆ ಹಸಿರು ಬೆರೆತ ಹಳದಿ ಅಂಟು ಹತ್ತುತ್ತದೆ, ಜೊತೆಗೆ ಆ ಗಿಡಕ್ಕೇ ಸೇರಿದ ಘಾಟು. ಎರಡಕ್ಕೂ ಮೂಲ ಎಲೆಯ ಹೊರಪದರದಿಂದ ಎದ್ದು ನಿಂತಿರುವ ಗ್ರಂಥಿರೋಮಗಳು, ಅಂದರೆ ಟ್ರೈಕೋಮ್‌ಗಳು. ಗಾಂಜಾ ಹೂವಿನ ಚಿತ್ರಗಳಿಂದಾಗಿ ಈ ಹೆಸರು ಹಲವರ ಕಿವಿಗೆ ಬಿದ್ದಿದೆ. ಆದರೆ ಕಾಂಡ ಮತ್ತು ತಲೆ ಎರಡೂ ಇರುವ, ಗುಂಡುಸೂಜಿಯಂಥ ಈ ರಚನೆಯನ್ನು ಕಲಿಯಲು ಟೊಮೆಟೊಗಿಂತ ಒಳ್ಳೆಯ ಗಿಡ ಬೇಡ. ಪುದೀನ ಮತ್ತು ಕಾಮಕಸ್ತೂರಿಯಲ್ಲಿ ಎಣ್ಣೆ ತುಂಬಿದ ಗ್ರಂಥಿಗಳು ಎಲೆಗೆ ಅಂಟಿಕೊಂಡಂತೆ ಕುಳಿತಿರುತ್ತವೆ. ಹಾಗಾಗಿ ಈ ಮೂರು ಗಿಡಗಳನ್ನೇ ಇಟ್ಟುಕೊಂಡು ನಾಲ್ಕು ಸಾಧನಗಳನ್ನು ಒಂದರ ಪಕ್ಕ ಒಂದು ಬಳಸಿ ನೋಡಿದೆ: ಹತ್ತು ಪಟ್ಟಿನ ಕೈಮಸೂರ, ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್, ಯುಎಸ್‌ಬಿ ಸೂಕ್ಷ್ಮದರ್ಶಕ ಮತ್ತು ಕಾಗದದ ಫೋಲ್ಡ್‌ಸ್ಕೋಪ್.

ಮೊದಲೇ ಹೇಳಿಬಿಡುತ್ತೇನೆ: ಹೊಸಬರಿಗೆ ನನ್ನ ಆಯ್ಕೆ ಕೈಮಸೂರ. ಗ್ರಂಥಿಯ ತಲೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು, ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಹತ್ತು ಪಟ್ಟು ಹಿಗ್ಗಿದರೆ ಸಾಕು, ಕಾಂಡ ಯಾವುದು, ತಲೆ ಯಾವುದು ಎಂದು ಗುರುತಿಸಬಹುದು. ಅದನ್ನು ಹಿಡಿಯುವ ಕ್ರಮ ಮಾತ್ರ ಗೊತ್ತಿರಬೇಕು. ಮಸೂರವನ್ನು ಎಲೆಯ ಮೇಲೆ ಹಿಡಿದು ದೂರದಿಂದ ಇಣುಕುವುದಲ್ಲ. ಅದನ್ನು ಕಣ್ಣಿಗೆ ತೀರ ಹತ್ತಿರ ತಂದು, ಹಿಡಿದ ಕೈಯನ್ನು ಕೆನ್ನೆಗೆ ಆನಿಸಿ, ಗಿಡವಿರುವಲ್ಲಿಗೇ ಬಾಗಬೇಕು. ಎಲೆ ಸುಮಾರು ಎರಡೂವರೆ ಸೆಂಟಿಮೀಟರ್ ಹತ್ತಿರಕ್ಕೆ ಬಂದಾಗ ಚಿತ್ರ ಸ್ಪಷ್ಟವಾಗುತ್ತದೆ.

ಎಲೆಯ ಮೇಲ್ಮೈಯನ್ನು ನೇರವಾಗಿ ನೋಡುವುದಕ್ಕಿಂತ ಎಲೆತೊಟ್ಟಿನ ಅಂಚನ್ನು ಬೆಳಕಿಗೆ ಎದುರಾಗಿ ಹಿಡಿದು ನೋಡಿ. ಟೊಮೆಟೊ ತೊಟ್ಟಿನ ಅಂಚಿನುದ್ದಕ್ಕೂ ಉದ್ದನೆಯ ಚೂಪು ರೋಮಗಳು, ಅವುಗಳ ನಡುವೆ ಗಿಡ್ಡ ಕಾಂಡದ ಮೇಲೆ ಹೊಳೆಯುವ ಪುಟ್ಟ ಗುಂಡುಗಳು. ಬೆಳಕು ಹಿಂದಿನಿಂದ ಬಂದಾಗ ಆ ಗುಂಡುಗಳು ಒಳಗಿನಿಂದಲೇ ಬೆಳಗಿದಂತೆ ಕಾಣುತ್ತವೆ. ಅದೇ ತೊಟ್ಟನ್ನು ತಲೆಯ ಮೇಲಿನ ದೀಪದಡಿ ನೋಡಿದರೆ ಬರೀ ಬಿಳಿ ನವಿರು! ಹಿಗ್ಗಿಸುವ ಅಂಕಿಯ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ, ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ಕೇಳುವವರು ಕಡಿಮೆ. ನಾಲ್ಕೂ ಸಾಧನಗಳಲ್ಲಿ ಹೆಚ್ಚು ವ್ಯತ್ಯಾಸ ಮಾಡಿದ್ದು ಬೆಳಕೇ.

ಮೂವತ್ತು, ಅರವತ್ತು ಪಟ್ಟು ಎಂದು ಬರೆದಿರುವ ಕೈಮಸೂರಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಹಿಗ್ಗುವಿಕೆ ಏರಿದಷ್ಟೂ ಎಲೆ ಮಸೂರಕ್ಕೆ ಒತ್ತಿಕೊಳ್ಳುವಷ್ಟು ಹತ್ತಿರ ಬರಬೇಕು, ಸ್ಪಷ್ಟವಾಗಿ ಕಾಣುವ ಆಳ ತೆಳುವಾಗುತ್ತದೆ, ಕೈಯ ಸಣ್ಣ ನಡುಕವೂ ದೊಡ್ಡದಾಗುತ್ತದೆ. ಮೂರು ಗಾಜುಗಳನ್ನು ಜೋಡಿಸಿ ಮಾಡಿದ ಹತ್ತು ಪಟ್ಟಿನ ಮಸೂರ ಅಂಚಿನಲ್ಲಿ ಬಣ್ಣದ ಗೆರೆ ಮೂಡಿಸದೆ, ಕಣ್ಣಿಗೆ ಆಯಾಸವಾಗದಂತೆ ತೋರಿಸುತ್ತದೆ.

ಮೊಬೈಲ್ ಲೆನ್ಸಿನ ದೊಡ್ಡ ಅನುಕೂಲ ದಾಖಲೆ. ಇವತ್ತಿನ ಚಿತ್ರವನ್ನು ಮುಂದಿನ ವಾರದ್ದರ ಪಕ್ಕ ಇಟ್ಟು ನೋಡಬಹುದು, ಇದು ಕೈಮಸೂರದಿಂದ ಆಗದ ಕೆಲಸ. ಕವಚ ತೆಗೆದು, ಲೆನ್ಸನ್ನು ಕ್ಯಾಮೆರಾದ ಕಣ್ಣಿಗೆ ಸರಿಯಾಗಿ ಕೂರಿಸದಿದ್ದರೆ ಒಂದು ಮೂಲೆ ಮಸುಕಾಗಿಯೇ ಉಳಿಯುತ್ತದೆ. ಪರದೆ ಮುಟ್ಟಿ ಫೋಕಸ್ ಮಾಡುವ ಬದಲು ಫೋನನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ವಿಡಿಯೊ ತೆಗೆದು, ಅದರಿಂದ ಒಳ್ಳೆಯ ಚೌಕಟ್ಟನ್ನು ಆರಿಸಿಕೊಳ್ಳುವುದು ಸುಲಭ. ಬಣ್ಣದ ವಿಷಯದಲ್ಲಿ ಮಾತ್ರ ಇದನ್ನು ನಂಬಲಾಗದು. ಫೋನು ತನಗೆ ತೋಚಿದಂತೆ ಬಿಳಿಯನ್ನು ತಿದ್ದುತ್ತದೆ. ಪಾರದರ್ಶಕ ಗ್ರಂಥಿಯೊಂದು ಒಂದು ಚಿತ್ರದಲ್ಲಿ ಹಾಲುಬಣ್ಣ, ಇನ್ನೊಂದರಲ್ಲಿ ಹಳದಿ. ಚೌಕಟ್ಟಿನಲ್ಲಿ ಒಂದು ಚೂರು ಬಿಳಿ ಕಾಗದ ಇಟ್ಟರೆ ಹೋಲಿಕೆಗೆ ಆಧಾರ ಸಿಗುತ್ತದೆ.

ಯುಎಸ್‌ಬಿ ಸೂಕ್ಷ್ಮದರ್ಶಕ ನನಗೆ ತೃಪ್ತಿ ಕೊಡಲಿಲ್ಲ. ಡಬ್ಬದ ಮೇಲಿನ ಸಾವಿರ ಪಟ್ಟು ಎಂಬ ಅಂಕಿ ಪರದೆಯ ಗಾತ್ರವನ್ನೂ ಸೇರಿಸಿಕೊಂಡು ಹೇಳಿದ್ದು. ಅಡಿಗೋಲಿನ ಮಿಲಿಮೀಟರ್ ಗೆರೆಗಳನ್ನು ಅದರಡಿ ಇಟ್ಟು, ಪರದೆಯ ಅಗಲದಲ್ಲಿ ಎಷ್ಟು ಮಿಲಿಮೀಟರ್ ಹಿಡಿಯುತ್ತದೆ ಎಂದು ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಲೆನ್ಸಿನ ಸುತ್ತಲಿನ ಎಲ್‌ಇಡಿಗಳು. ಗ್ರಂಥಿಯ ತಲೆ ನುಣುಪಾದ ಗೋಳ. ಪ್ರತಿ ದೀಪವೂ ಅದರ ಮೇಲೆ ಒಂದು ಬಿಳಿ ಚುಕ್ಕೆಯಾಗಿ ಪ್ರತಿಫಲಿಸಿ ಒಳಗಿನದ್ದನ್ನು ಮರೆಮಾಡುತ್ತದೆ. ಆ ದೀಪಗಳನ್ನು ತಗ್ಗಿಸಿ, ಪಕ್ಕದಿಂದ ತೆಳು ಕಾಗದದ ಮೂಲಕ ಬೆಳಕು ಹಾಯಿಸಿದಾಗ ಚಿತ್ರ ಎಷ್ಟೋ ಸುಧಾರಿಸಿತು. ಕುಂಡದಲ್ಲಿ ನಿಂತಿರುವ ಗಿಡ ಅದರ ಸ್ಟ್ಯಾಂಡಿನಡಿ ಹಿಡಿಸುವುದಿಲ್ಲ, ಎಲೆ ಕಿತ್ತರೆ ಬೇಗ ಬಾಡುತ್ತದೆ. ನಾಲ್ಕಾರು ಜನ ಒಟ್ಟಿಗೆ ಕುಳಿತು ನೋಡುವುದಿದ್ದರೆ ಮಾತ್ರ ಇದು ಸರಿ.

ಫೋಲ್ಡ್‌ಸ್ಕೋಪ್‌ನ ಜಾತಿಯೇ ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಅವರ ತಂಡ ರೂಪಿಸಿ 2014ರಲ್ಲಿ ಪ್ರಕಟಿಸಿದ ಈ ಮಡಿಸುವ ಸೂಕ್ಷ್ಮದರ್ಶಕ ಸುಮಾರು 140 ಪಟ್ಟು ಹಿಗ್ಗಿಸುತ್ತದೆ. ಬೆಳಕು ವಸ್ತುವಿನ ಮೂಲಕ ಹಾದು ಬರಬೇಕಾದ್ದರಿಂದ ಇಡೀ ಎಲೆ ಇಟ್ಟರೆ ಹಸಿರು ಕತ್ತಲೆಯೇ ಗತಿ. ಎಲೆಯ ಹೊರಪದರವನ್ನು ತೆಳ್ಳಗೆ ಸುಲಿದು ಇಡಬೇಕು, ಇಲ್ಲವೇ ಪಾರದರ್ಶಕ ಟೇಪನ್ನು ಎಲೆಗೆ ಮೆಲ್ಲಗೆ ತಾಗಿಸಿ ಎತ್ತಬೇಕು. ಟೇಪಿನಲ್ಲಿ ಕೆಲವು ತಲೆಗಳು ಒಡೆಯುತ್ತವೆ, ಆದರೂ ಉಳಿದವು ಸಾಕು. ಟೊಮೆಟೊದ ಗ್ರಂಥಿತಲೆ ನಾಲ್ಕು ಎಸಳಾಗಿ ಸೀಳಿದ್ದು ಕಾಣಿಸಿದಾಗ ನಾನು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಅವು ನಾಲ್ಕು ಸ್ರಾವಕೋಶಗಳು. ಪುದೀನದ ಎಣ್ಣೆಗ್ರಂಥಿಯಲ್ಲಿ ಎಂಟು ಕೋಶಗಳು ತಟ್ಟೆಯಂತೆ ಹರಡಿರುತ್ತವೆ, ಅವು ಸ್ರವಿಸಿದ ಎಣ್ಣೆ ಮೇಲಿನ ಹೊರಪೊರೆಯನ್ನು ಉಬ್ಬಿಸಿ ಅದರಡಿ ಸಂಗ್ರಹವಾಗುತ್ತದೆ. ಈ ಮಟ್ಟದ ವಿವರ ಉಳಿದ ಮೂರರಲ್ಲಿ ಸಿಗದು. ಕೈಮಸೂರದ ನಂತರ ಎರಡನೆಯದಾಗಿ ಇದನ್ನೇ ಕೊಳ್ಳಿ ಎನ್ನುತ್ತೇನೆ.

ಯಾವ ಸಾಧನವಾದರೂ ನೋಡುವ ಭಾಗವನ್ನು ಬೆರಳಿನಿಂದ ಮುಟ್ಟಬೇಡಿ, ತಲೆಗಳು ಒಡೆದುಹೋಗುತ್ತವೆ. ಬೆಳವಣಿಗೆಯನ್ನು ದಿನದಿನಕ್ಕೆ ಹೋಲಿಸುವವರು ಕುಡಿಯ ಎಲೆಯನ್ನು ಬುಡದ ಎಲೆಯ ಪಕ್ಕ ಇಟ್ಟು ತೀರ್ಮಾನಕ್ಕೆ ಬರಬಾರದು. ಎಳೆ ಎಲೆಯಲ್ಲಿ ಗ್ರಂಥಿಗಳು ಒತ್ತೊತ್ತಾಗಿರುತ್ತವೆ, ಎಲೆ ಅಗಲವಾದಂತೆ ಅವುಗಳ ನಡುವಿನ ಅಂತರ ಹೆಚ್ಚುತ್ತದೆ. ಗಿಡ ಸೊರಗಿದೆ ಎಂದು ಅದರರ್ಥವಲ್ಲ. ಒಂದೇ ಎಲೆಗೆ ದಾರ ಕಟ್ಟಿ ಗುರುತು ಮಾಡಿ, ಅದನ್ನೇ ಅದೇ ಬೆಳಕಿನಲ್ಲಿ ನೋಡುತ್ತಾ ಹೋಗಿ.