ಏಳು ವರ್ಷ ಬಳಸಿದ ಮೋಟಾರು ಹ್ಯಾಮ್ ಟವರ್: ರೋಪನ್ನು ತಿಂದದ್ದು ರಾಟೆ

ಬಳ್ಳಾರಿಯ ಹೊಸಪೇಟೆ ರಸ್ತೆಯ ಕಡೆ ಇರುವ ನಮ್ಮ ಮನೆಯ ಹಿತ್ತಲಿನಲ್ಲಿ, ಮೋಟಾರಿನಿಂದ ಏರಿಳಿಯುವ ಮೂರು ಹಂತದ ಹ್ಯಾಮ್ (ಹವ್ಯಾಸಿ) ರೇಡಿಯೋ ಟವರನ್ನು 2018ರಿಂದ ಬಳಸುತ್ತಿದ್ದೇನೆ. ನಿವೃತ್ತಿಯಾದಾಗ ಕೈಗೆ ಬಂದ ಹಣದಲ್ಲಿ ನನಗಾಗಿ ಮಾಡಿದ ದೊಡ್ಡ ಖರ್ಚು ಇದೊಂದೇ. ಪೂರ್ತಿ ಏರಿದಾಗ 15 ಮೀಟರ್ ಎತ್ತರವಾಗುವ ಇದರ ತುದಿಯಲ್ಲಿ 20 ಮೀಟರ್ ತರಂಗಾಂತರದ ಬ್ಯಾಂಡಿಗಾಗಿ, ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ಯಾಗಿ ಆಂಟೆನಾ ಮತ್ತು ಅದನ್ನು ಬೇಕಾದ ದಿಕ್ಕಿಗೆ ತಿರುಗಿಸುವ ರೋಟೇಟರ್ ಇವೆ.

ಮೇ ತಿಂಗಳ ಬಿರುಗಾಳಿಗೆ ಹೆದರಿ, ರೇಡಿಯೋ ಮುಚ್ಚಿದ ಕೂಡಲೇ ಟವರನ್ನು ಇಳಿಸಿಬಿಡುವುದು ಮೊದಲ ವರ್ಷದಿಂದಲೇ ರೂಢಿಯಾಯಿತು. ಸಂಜೆ ಚಹಾ ಕುಡಿದು, ಹಿತ್ತಲಿಗೆ ಹೋಗಿ, ಗುಂಡಿ ಒತ್ತಿ ಹಿಡಿದು ನಿಲ್ಲುತ್ತೇನೆ. ಮೋಟಾರಿನ ಗುಂಯ್‌ಗುಟ್ಟುವಿಕೆಯ ಮೇಲೆ ಎರಡು ಹಂತಗಳು ಒಟ್ಟಿಗೆ ಮೇಲೇರುವುದನ್ನು, ಬಳ್ಳಾರಿ ಗುಡ್ಡದ ಕಡೆಯ ಆಕಾಶದಲ್ಲಿ ಯಾಗಿಯ ಕಡ್ಡಿಗಳು ಸಣ್ಣಗಾಗುತ್ತ ಹೋಗುವುದನ್ನು ನೋಡುವುದೇ ಒಂದು ಸುಖ. ಅರ್ಧ ಗಂಟೆಯೊಳಗೆ ಯೂರೋಪಿನ ಯಾವುದೋ ಸ್ಟೇಷನ್ ನನ್ನ ಕರೆಗೆ ಉತ್ತರ ಕೊಟ್ಟಿರುತ್ತದೆ. ರೋಪನ್ನು ಸುತ್ತುವ ವಿಂಚ್, ಗೇರ್ ಬಾಕ್ಸ್, ಗ್ಯಾಲ್ವನೈಸ್ ಮಾಡಿದ ಚೌಕಟ್ಟು, ಯಾವುದರ ಬಗ್ಗೆಯೂ ನನಗೆ ದೂರಿಲ್ಲ. ನನ್ನ ದೂರೆಲ್ಲ ಕೆಳಹಂತದ ನೆತ್ತಿಯ ಮೇಲೆ ಕುಳಿತಿದ್ದ, ಅಂಗೈಯಗಲದ ಒಂದು ರಾಟೆಯ ಮೇಲೆ.

ಈ ಟವರಿನಲ್ಲಿ ವೈರ್ ರೋಪ್ ಹೇಗೆ ಸಾಗುತ್ತದೆಂದು ಹೇಳದೆ ದೂರು ಅರ್ಥವಾಗುವುದಿಲ್ಲ. ವಿಂಚಿನಿಂದ ಹೊರಟ ಮೊದಲ ರೋಪ್ ಕೆಳಹಂತದ ತುದಿಯ ರಾಟೆಯನ್ನು ಸುತ್ತಿ ಇಳಿದು ನಡುಹಂತದ ಬುಡವನ್ನು ಹಿಡಿದೆತ್ತುತ್ತದೆ. ಎರಡನೆಯ ರೋಪಿನ ಒಂದು ತುದಿಯನ್ನು ಕೆಳಹಂತದ ನೆತ್ತಿಗೆ ಬಿಗಿದಿರುತ್ತಾರೆ. ಅದು ನಡುಹಂತದ ತುದಿಯ ರಾಟೆಯನ್ನು ಸುತ್ತಿ ಮೇಲುಹಂತದ ಬುಡಕ್ಕೆ ಹೋಗುತ್ತದೆ. ಹಾಗಾಗಿ ನಡುಹಂತ ಒಂದು ಅಡಿ ಏರಿದರೆ ಮೇಲುಹಂತ ಎರಡು ಅಡಿ ಏರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಮೊದಲ ರೋಪಿನ ಮೇಲೆ ನಡುಹಂತದ ತೂಕದ ಜೊತೆಗೆ ಮೇಲುಹಂತ ಮತ್ತು ಆಂಟೆನಾಗಳ ತೂಕದ ಎರಡರಷ್ಟು ಬೀಳುತ್ತದೆ. ನಡುಹಂತ 50 ಕೆ.ಜಿ., ಅದರ ಮೇಲಿನದ್ದೆಲ್ಲ ಸೇರಿ 60 ಕೆ.ಜಿ. ಎಂದಾದರೆ ಆ ರೋಪ್ ನಿತ್ಯ ಹೊರುವುದು 170 ಕೆ.ಜಿ. ಎಳೆತ, ಅದರ ರಾಟೆ ಹೊರುವುದು ಸುಮಾರು ಅದರ ಎರಡರಷ್ಟು. ಆಂಟೆನಾ ಬದಲಿಸಿ ಹತ್ತು ಕೆ.ಜಿ. ಹೆಚ್ಚಿಸುವವರು ಕೆಳಗಿನ ರೋಪಿಗೆ ಇಪ್ಪತ್ತು ಹೆಚ್ಚಿಸುತ್ತಿದ್ದೇವೆಂದು ತಿಳಿದಿರಬೇಕು.

ನಾಲ್ಕನೆಯ ವರ್ಷದಲ್ಲಿ, ತಂತಿಗಳನ್ನು ಹೊಸೆದು ಮಾಡಿದ ರೋಪಿನ ಎಳೆಗಳ ನಡುವಿನಿಂದ ಕೆಂಪು ಪುಡಿ ಉದುರತೊಡಗಿತು. ಬೇರೆ ಊರಿನವರಾಗಿದ್ದರೆ ಆಗಲೇ ತುಕ್ಕೆಂದು ಎಚ್ಚರಗೊಳ್ಳುತ್ತಿದ್ದರು. ನಮ್ಮಲ್ಲಿ ಅದಿರಿನ ಧೂಳು ಒಣಹಾಕಿದ ಬಟ್ಟೆಯ ಮೇಲೆ, ಕಿಟಕಿಯ ಸಂದಿನಲ್ಲಿ, ತುಳಸಿ ಎಲೆಯ ಮೇಲೆ, ಎಲ್ಲೆಲ್ಲೂ ಇರುತ್ತದೆ. ಹೆಮಟೈಟ್ ಅದಿರೆಂದರೂ ಕಬ್ಬಿಣದ ಆಕ್ಸೈಡೇ ಆದ್ದರಿಂದ ರೋಪಿನ ತುಕ್ಕಿಗೂ ಈ ಧೂಳಿಗೂ ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಧೂಳೆಂದುಕೊಂಡು ಅದರ ಮೇಲೆ ದಪ್ಪಗೆ ಗ್ರೀಸ್ ಬಳಿದೆ. ಆ ಗ್ರೀಸ್ ಇನ್ನಷ್ಟು ಧೂಳನ್ನು ಹಿಡಿದು, ಉಜ್ಜಿ ಸವೆಸುವ ಲೇಪವಾಗಿ, ರೋಪನ್ನೂ ರಾಟೆಯ ನಡುವಿನ ಬುಷ್ಷನ್ನೂ (ಅಚ್ಚಿನ ಮೇಲೆ ಕೂರುವ ಬಳೆ) ತಿಂದಿತು.

2023ರ ಮೇ ತಿಂಗಳ ಒಂದು ರಾತ್ರಿ ಗಾಳಿ ಎದ್ದಿತೆಂದು ಅವಸರದಿಂದ ಇಳಿಸುತ್ತಿದ್ದೆ. ಗಾಳಿಯ ಒತ್ತಡಕ್ಕೆ ನಡುಹಂತ, ಏರಿಳಿಯುವಾಗ ದಾರಿ ತಪ್ಪದಂತೆ ಹಿಡಿಯುವ ತನ್ನ ಗೈಡುಗಳಲ್ಲಿ ಕಚ್ಚಿಕೊಂಡು ನಿಂತಿತು. ಈ ಮಾದರಿಯಲ್ಲಿ ಹಂತಗಳು ಇಳಿಯುವುದು ಸ್ವಂತ ಭಾರದಿಂದಲೇ. ಕೆಳಕ್ಕೆ ಎಳೆಯುವ ಬೇರೆ ರೋಪ್ ಇಲ್ಲ. ವಿಂಚ್ ಮಾತ್ರ ರೋಪನ್ನು ಬಿಡುತ್ತಲೇ ಹೋಯಿತು. ಸಡಿಲಾದ ರೋಪ್ ರಾಟೆಯ ತೋಡಿನಿಂದ ಎದ್ದು, ರಾಟೆಗೂ ಪಕ್ಕದ ತಗಡಿಗೂ ನಡುವಿನ ಸಂದಿಗೆ ಇಳಿಯಿತು. ಆಮೇಲೆ ಹಂತ ಬಿಡಿಸಿಕೊಂಡು ಒಂದಡಿಯಷ್ಟು ಧಡಾರನೆ ಬಿದ್ದು, ಸಂದಿನಲ್ಲಿ ಸಿಕ್ಕಿಬಿದ್ದ ರೋಪಿನ ಮೇಲೆ ನೇತಾಡುತ್ತ ನಿಂತಿತು.

ಆ ಕ್ಷಣದಲ್ಲಿ ಮಾಡಬೇಕಾದದ್ದು ಒಂದೇ: ಗುಂಡಿಯಿಂದ ಕೈತೆಗೆದು, ಮೇನ್ ಸ್ವಿಚ್ ಆರಿಸಿ, ಟವರಿನಿಂದ ದೂರ ಸರಿಯುವುದು. ಬರೀ ರೋಪಿನ ಮೇಲೆ ನಿಂತ ಟವರನ್ನು ಹತ್ತುವುದಾಗಲಿ, ಅದರ ಚೌಕಟ್ಟಿನೊಳಗೆ ಕೈಹಾಕುವುದಾಗಲಿ ಯಾವ ಕಾರಣಕ್ಕೂ ಕೂಡದು. ಹಂತ ಜಾರಿದರೆ ಅಡ್ಡಪಟ್ಟಿಗಳು ಕತ್ತರಿಯಂತೆ ಕೈಕಾಲುಗಳನ್ನು ತುಂಡರಿಸುತ್ತವೆ. ಮರುದಿನ ಹೈಡ್ರಾ ಕ್ರೇನ್ ತರಿಸಿ, ಅದರ ಬೆಲ್ಟಿನಲ್ಲಿ ನಡುಹಂತದ ಭಾರವನ್ನು ಹಿಡಿಸಿ, ಎರಡೂ ಹಂತಗಳಿಗೆ ಕಬ್ಬಿಣದ ಸಲಾಕೆಗಳ ಅಡ್ಡಗಟ್ಟು ಕೊಟ್ಟ ಮೇಲೆಯೇ ಕೆಲಸ ಶುರುವಾಯಿತು.

ಕ್ರೇನಿನ ಜೊತೆ ಬಂದಿದ್ದ ಮೇಸ್ತ್ರಿ ಗಣಿ ಕೆಲಸದಲ್ಲಿ ಪಳಗಿದವರು. ನನ್ನ ಹಳೆಯ ಪಂಚೆಯ ತುಂಡನ್ನು ಕೇಳಿ ಪಡೆದು, ಬಿಚ್ಚಿ ನೆಲಕ್ಕಿಳಿಸಿದ ರೋಪಿನ ಉದ್ದಕ್ಕೂ ಅದನ್ನು ಜಾರಿಸುತ್ತ ಹೋದರು. ಬಟ್ಟೆ ಸಿಕ್ಕಿಕೊಂಡಲ್ಲೆಲ್ಲ ತುಂಡಾದ ತಂತಿಯ ಮೊನೆ ಎದ್ದಿತ್ತು. ಎಳೆಗಳು ಒಂದು ಸುತ್ತು ಮುಗಿಸುವಷ್ಟು ಉದ್ದದಲ್ಲಿ ಒಟ್ಟು ಆರು ತಂತಿ, ಅಥವಾ ಒಂದೇ ಎಳೆಯಲ್ಲಿ ಮೂರು ತಂತಿ ತುಂಡಾಗಿದ್ದರೆ ಅಂಥ ರೋಪನ್ನು ತೆಗೆದುಹಾಕುವುದು ಕ್ರೇನ್ ಕೆಲಸದವರ ನಿಯಮ. ನನ್ನದರಲ್ಲಿ ಒಂಬತ್ತಿದ್ದವು. ಕಳಪೆ ರೋಪ್ ಕೊಟ್ಟಿದ್ದಾರೆಂದು ನಾನು ಸಿಟ್ಟಾದಾಗ ಅವರು ರಾಟೆಯನ್ನು ಬಿಚ್ಚಿ ನನ್ನ ಕೈಗಿಟ್ಟರು. “ರೋಪಿಂದು ತಪ್ಪಿಲ್ರೀ ಸರ. ಪುಲ್ಲಿ ತಿರುಗಂಗಿಲ್ಲ, ಅದಕ್ಕ ರೋಪ್ ತಿಕ್ಕಿ ತಿಕ್ಕಿ ಹೋಗೈತಿ” ಎಂದರು. ರಾಟೆಯ ತೋಡು ಮೇಲರ್ಧದಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು, ರೋಪ್ ತಿಕ್ಕಿದ ಜಾಡು ಅಲ್ಲಿ ಆಳವಾಗಿ ಮೂಡಿತ್ತು. ಕೆಳಗರ್ಧದಲ್ಲಿ ಕಾರ್ಖಾನೆಯಲ್ಲಿ ಬಳಿದ ಹಸಿರು ಬಣ್ಣ ಬಹುಪಾಲು ಹಾಗೆಯೇ ಉಳಿದಿತ್ತು.

ತಯಾರಕರಿಗೆ ಚಿತ್ರಗಳನ್ನು ಕಳುಹಿಸಿದೆ. ಹೊಸ ರೋಪನ್ನು ಮಾರಲು ಅವರು ಸಿದ್ಧರಿದ್ದರು. ರಾಟೆಯನ್ನು ಬಿಡಿಭಾಗವಾಗಿ ಕೊಡುವುದಿಲ್ಲ ಎಂದರು. ಇದು ನನಗೆ ಇಂದಿಗೂ ನೋವಿನ ಸಂಗತಿ. ಆ ರಾಟೆಯ ಬುಷ್ಷಿಗೆ ಎಣ್ಣೆ ಹಾಕಲು ಒಂದು ನಿಪ್ಪಲ್ ಕೂಡ ಇರಲಿಲ್ಲ. 6 ಮಿ.ಮೀ. ರೋಪಿಗೆ 75 ಮಿ.ಮೀ. ವ್ಯಾಸದ ರಾಟೆಯನ್ನು ಕೊಟ್ಟಿದ್ದರು. ರಾಟೆಯ ವ್ಯಾಸ ರೋಪಿನ 18ರಿಂದ 20 ಪಟ್ಟಾದರೂ ಇರದಿದ್ದರೆ ತಂತಿಗಳು ಪ್ರತಿ ಬಾಗುವಿಕೆಯಲ್ಲೂ ದಣಿಯುತ್ತವೆ. ಬದಿಗಳಲ್ಲಿ ಮೂರೂವರೆ ಮಿ.ಮೀ.ಯಂತೆ ಸಂದು ಬಿಟ್ಟಿದ್ದರು. ರಾಟೆ ಒಂದು ಕಡೆಗೆ ವಾಲಿದರೆ ಇನ್ನೊಂದು ಕಡೆ ಏಳು ಮಿ.ಮೀ. ಬಾಯಿ ತೆರೆಯುತ್ತದೆ, ಆರರ ರೋಪ್ ಸಲೀಸಾಗಿ ಒಳಗಿಳಿಯುತ್ತದೆ.

ಕೊನೆಗೆ ಊರಿನ ಲೇತ್ ಅಂಗಡಿಯಲ್ಲಿ 110 ಮಿ.ಮೀ. ರಾಟೆಗಳನ್ನು ಕಡೆಸಿ, ಧೂಳು ಹೋಗದಂತೆ ಮುಚ್ಚಿದ ಬೇರಿಂಗ್ ಕೂಡಿಸಿದೆ. ದೊಡ್ಡ ರಾಟೆಯಿಂದ ರೋಪ್ ಇಳಿಯುವ ಗೆರೆ ಹೊರಕ್ಕೆ ಸರಿದದ್ದರಿಂದ ಬ್ರಾಕೆಟ್ಟಿಗೆ ಹೊಸ ತೂತುಗಳನ್ನೂ ಕೊರೆಸಬೇಕಾಯಿತು. ರೋಪ್ ಸಡಿಲಾದರೂ ತೋಡು ಬಿಡದಂತೆ ರಾಟೆಯ ಅಂಚಿಗೆ ತಾಗಿದಂತೆ ಎರಡು ಪಿನ್ನುಗಳಿವೆ. ರೋಪ್ ಜೋಲುಬಿದ್ದ ಕೂಡಲೇ ಮೋಟಾರನ್ನು ನಿಲ್ಲಿಸುವ, ಸ್ಪ್ರಿಂಗ್ ತೋಳಿನ ಒಂದು ಸ್ವಿಚ್ಚೂ ಸೇರಿತು. ಹೊಸ ರೋಪಿನ ತುದಿಗೆ ಕ್ಲಿಪ್ ಹಾಕುವಾಗ ನಾನೇ ಎದುರು ನಿಂತು ನೋಡಿದೆ: ಕ್ಲಿಪ್ಪಿನ ತಟ್ಟೆ ಭಾರ ಹೊರುವ ರೋಪಿನ ಮೇಲೆ, ಯು ಬೋಲ್ಟ್ ಮಡಚಿದ ಗಿಡ್ಡ ತುದಿಯ ಮೇಲೆ ಬರಬೇಕು. ತಿರುಗುಮುರುಗಾದರೆ ಬೋಲ್ಟೇ ರೋಪನ್ನು ಜಜ್ಜುತ್ತದೆ. ಕ್ರೇನಿನ ಬಾಡಿಗೆ ಬಿಟ್ಟು ಎಲ್ಲಕ್ಕೂ ಒಂಬತ್ತು ಸಾವಿರದೊಳಗೆ ಆಯಿತು. ಗ್ರೀಸನ್ನು ಕೈಬಿಟ್ಟು, ಎಳೆಗಳ ಒಳಗೆ ಇಳಿಯುವ ತೆಳು ಎಣ್ಣೆಯನ್ನು ಮೂರು ತಿಂಗಳಿಗೊಮ್ಮೆ ಹಚ್ಚಿ, ಮೇಲುಮೇಲಿನದನ್ನು ಒರೆಸುತ್ತೇನೆ.

ಇದಾದ ಮೇಲೆ ಟವರಿನ ಮೇಲಿನ ನನ್ನ ಮುನಿಸು ಕರಗಿದೆ. ಎರಡು ವರ್ಷಗಳಲ್ಲಿ ಒಮ್ಮೆಯೂ ರೋಪ್ ಸಂದಿಗೆ ಬಿದ್ದಿಲ್ಲ, ವರ್ನಿಯರಿನಲ್ಲಿ ಅಳೆದಾಗ ಅದರ ವ್ಯಾಸವೂ ಕುಗ್ಗಿಲ್ಲ. ಬೈನಾಕ್ಯುಲರಿನಲ್ಲಿ ಕಾಣಲೆಂದು ರಾಟೆಯ ಮುಖಕ್ಕೆ ಒಂದು ಬಿಳಿ ಚುಕ್ಕೆ ಇಡಿಸಿದ್ದೇನೆ. ಟವರ್ ಏರುವಾಗ ಚುಕ್ಕೆ ತಿರುಗುತ್ತಿದೆಯೇ ಎಂದು ಪ್ರತಿ ಸಂಜೆ ನೋಡುತ್ತೇನೆ, ನಿಂತಿದ್ದರೆ ಆ ದಿನ ರೇಡಿಯೋ ಇಲ್ಲ. ಈ ಟವರನ್ನು ಕೊಳ್ಳಬಯಸುವವರು ನಮ್ಮಂಥ ಧೂಳಿನ ಸೀಮೆಯವರಾಗಿದ್ದರೆ, ಮೊದಲ ದಿನವೇ ರಾಟೆಗಳಿಗೆಂದು ಹತ್ತು ಸಾವಿರ ತೆಗೆದಿಟ್ಟು, ಟವರನ್ನು ನಿಲ್ಲಿಸುವ ಮೊದಲೇ, ಅದು ನೆಲದ ಮೇಲೆ ಮಲಗಿರುವಾಗಲೇ ಅವನ್ನು ಬದಲಿಸಿಬಿಡಿ. ಆಗ ಕ್ರೇನೂ ಬೇಕಾಗುವುದಿಲ್ಲ.