ಸಂಧಿವಾತದ ಇಂಜೆಕ್ಷನ್ ನಡೆದಿದ್ದರೆ ಅಂಗೈ ಗುಳ್ಳೆಗೆ ಕಂಡ ಮುಲಾಮು ಹಚ್ಚಬೇಡಿ

ಆಳಂದ ಕಡೆಯ ಒಬ್ಬ ಹೆಣ್ಣುಮಗಳಿಗೆ ಆದದ್ದು ಇದು. ಸಂಧಿವಾತಕ್ಕೆ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ ಅಡಾಲಿಮುಮ್ಯಾಬ್ ಎಂಬ ಇಂಜೆಕ್ಷನ್ ನಡೆದಿತ್ತು. ಬೆರಳಿನ ಬಾವು ಇಳಿದು, ಮತ್ತೆ ರೊಟ್ಟಿ ಬಡಿಯುವಷ್ಟು ಆರಾಮಾಗಿದ್ದರು. ಐದನೇ ತಿಂಗಳಲ್ಲಿ ಅಂಗೈ, ಅಂಗಾಲಿನ ಮೇಲೆ ಕೀವು ತುಂಬಿದಂಥ ಸಣ್ಣ ಗುಳ್ಳೆ ಎದ್ದವು. ಕಂದುಬಣ್ಣಕ್ಕೆ ತಿರುಗಿ ಸಿಪ್ಪೆ ಉದುರತೊಡಗಿತು. ಕಲಬುರಗಿಯ ಒಂದು ಮೆಡಿಕಲ್‌ನಲ್ಲಿ ಗಜಕರ್ಣ ಅಂತ ಟ್ಯೂಬ್ ಕೊಟ್ಟರು. ಅದರೊಳಗೆ ಇದ್ದದ್ದು ಕ್ಲೋಬೆಟಸಾಲ್ ಎಂಬ ಅತಿ ಜೋರಿನ ಸ್ಟಿರಾಯ್ಡ್, ಜೊತೆಗೆ ಶಿಲೀಂಧ್ರದ ಔಷಧ ಮತ್ತು ಆಂಟಿಬಯಾಟಿಕ್. ಹಚ್ಚಿದಾಗ ತಗ್ಗಿತು, ಬಿಟ್ಟಾಗ ದುಪ್ಪಟ್ಟಾಗಿ ಮರಳಿತು. ಮೂರು ತಿಂಗಳಾಗುವಷ್ಟರಲ್ಲಿ ಅಂಗಾಲು ಸೀಳಿ ನೆಲಕ್ಕೆ ಕಾಲೂರಲಾಗಲಿಲ್ಲ. ಚರ್ಮದ ತೊಂದರೆಯನ್ನು ಕೀಲಿನ ಡಾಕ್ಟರಿಗೆ ಏಕೆ ಹೇಳಬೇಕು ಎಂದು ಅಷ್ಟು ದಿನವೂ ಸುಮ್ಮನಿದ್ದರು. ಹಾನಿಯಾದದ್ದು ಅಲ್ಲೇ.

ಅದು ಇಂಜೆಕ್ಷನ್ನಿನಿಂದಲೇ ಎದ್ದ ಸೋರಿಯಾಸಿಸ್, ಅಂದರೆ ಚರ್ಮ ಉರಿಯೂತದಿಂದ ಕೆಂಪಾಗಿ ಸಿಪ್ಪೆ ಏಳುವ ರೋಗ. ಅಡಾಲಿಮುಮ್ಯಾಬ್, ಎಟನರ್ಸೆಪ್ಟ್, ಇನ್‌ಫ್ಲಿಕ್ಸಿಮ್ಯಾಬ್ ಮೂರೂ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ಕಟ್ಟಿಹಾಕುತ್ತವೆ. ಸೋರಿಯಾಸಿಸ್‌ಗೂ ಇವನ್ನೇ ಕೊಡುತ್ತಾರೆ, ಆದರೂ ಕೆಲವರಲ್ಲಿ ಅದೇ ರೋಗ ಹೊಸದಾಗಿ ಹುಟ್ಟುತ್ತದೆ. ಟಿಎನ್‌ಎಫ್ ತಗ್ಗಿದಾಗ ಚರ್ಮದಲ್ಲಿ ಇಂಟರ್‌ಫೆರಾನ್ ಎಂಬ ಇನ್ನೊಂದು ಪ್ರೋಟೀನು ಹದ್ದುಮೀರುವುದು ಇದಕ್ಕೆ ಕಾರಣವೆಂದು ತಿಳಿದವರ ಎಣಿಕೆ. ಶುರುಮಾಡಿ ಕೆಲವೇ ವಾರಕ್ಕೆ ಬರಬಹುದು, ವರ್ಷ ಕಳೆದ ಮೇಲೂ ಬರಬಹುದು. ಈ ಗುಳ್ಳೆಗಳ ಕೀವಿನಲ್ಲಿ ರೋಗಾಣು ಇರುವುದಿಲ್ಲ, ಹಾಗಾಗಿ ಆಂಟಿಬಯಾಟಿಕ್ಕಿಗೆ ಅಲ್ಲಿ ಕೆಲಸವಿಲ್ಲ. ಶಿಲೀಂಧ್ರವೋ ಅಲ್ಲವೋ ತಿಳಿಯಲು ಸಿಪ್ಪೆ ಕೆರೆದು ಕೆಒಎಚ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ಖರ್ಚೂ ಕಡಿಮೆ, ಹೊತ್ತೂ ಕಡಿಮೆ. ಸೋರಿಯಾಸಿಸ್ ಕಡಿಮೆ ಇದ್ದರೆ ಚರ್ಮದ ಡಾಕ್ಟರು ಹೇಳಿದ ಮುಲಾಮಿನಲ್ಲೇ ಹತೋಟಿಗೆ ಬಂದು ಇಂಜೆಕ್ಷನ್ ಮುಂದುವರಿಯುತ್ತದೆ. ಜೋರಾಗಿದ್ದರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಔಷಧಕ್ಕೆ ಬದಲಿಸುತ್ತಾರೆ, ಏಕೆಂದರೆ ಇನ್ನೊಂದು ಟಿಎನ್‌ಎಫ್ ಔಷಧದಲ್ಲೂ ಮರುಕಳಿಸಬಹುದು. ನೀವೇ ಇಂಜೆಕ್ಷನ್ ನಿಲ್ಲಿಸಿದರೆ ಕೀಲು ಮತ್ತೆ ಬಾಯುತ್ತವೆ.

ಚುಚ್ಚಿದ ಜಾಗ ಕೆಂಪಾಗಿ ತುರಿಸುವುದು ಬೇರೆ ಮಾತು. ಅದು ಮೂರರಿಂದ ಐದು ದಿನದಲ್ಲಿ ಇಳಿಯುತ್ತದೆ. ಪ್ರತಿ ಸಲ ಜಾಗ ಬದಲಿಸಿ, ಫ್ರಿಜ್‌ನಿಂದ ತೆಗೆದ ಮೇಲೆ 15ರಿಂದ 30 ನಿಮಿಷ ಹೊರಗಿಡಿ, ಬಿಸಿನೀರಿನಲ್ಲಿ ಅದ್ದಬೇಡಿ. ಆದರೆ ಕೆಂಪು ಹರಡುತ್ತ ಹೋಗಿ ಜಾಗ ಸುಡುತ್ತಿದ್ದರೆ, ಜ್ವರವೂ ಇದ್ದರೆ, ಅದು ಚರ್ಮದ ಸೋಂಕು. ಅದೇ ದಿನ ಆಸ್ಪತ್ರೆಗೆ ಹೋಗಿ.

ಸರ್ಪಸುತ್ತಿನ ಬಗ್ಗೆ ಒತ್ತಿ ಹೇಳಬೇಕು. ಎದೆ, ಬೆನ್ನು ಅಥವಾ ಮುಖದ ಒಂದೇ ಮಗ್ಗುಲಲ್ಲಿ ಉರಿ, ಮೇಲೆ ಪಟ್ಟಿಯಂತೆ ನೀರುಗುಳ್ಳೆ. ನಮ್ಮ ಕಡೆ ಕೆಮ್ಮಣ್ಣು ಬಳಿದು ಕಾಯುತ್ತಾರೆ. ಕಾಯಬಾರದು: ಅಸೈಕ್ಲೋವಿರ್‌ನಂಥ ಗುಳಿಗೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೇ ಹೆಚ್ಚು ಫಲ. ಇಂಥ ಇಂಜೆಕ್ಷನ್ನಿನಿಂದ ರೋಗನಿರೋಧಕ ಶಕ್ತಿ ತಗ್ಗಿದವರಿಗೆ ಅದು ಮೈತುಂಬ ಹರಡಬಹುದು. ಕಣ್ಣಿನ ಸುತ್ತ ಬಂದರೆ ದೃಷ್ಟಿಗೇ ಕುತ್ತು. ಇಂಥ ಯಾವ ಸೋಂಕಿದ್ದರೂ ಕೀಲಿನ ಡಾಕ್ಟರನ್ನು ಕೇಳದೆ ಮುಂದಿನ ಡೋಸ್ ಬೇಡ.

ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಇಂಜೆಕ್ಷನ್ನಿನ ಖಾಲಿ ಡಬ್ಬಿ, ಕೊನೆಯ ಡೋಸಿನ ತಾರೀಖು, ಅಲ್ಲಿತನಕ ಹಚ್ಚಿದ ಎಲ್ಲ ಟ್ಯೂಬು ಒಯ್ಯಿರಿ. ಗುಳ್ಳೆ ಹೊಸದಾಗಿದ್ದಾಗಲೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಪಾಳಿ ಬರುವಷ್ಟರಲ್ಲಿ ಗುರುತು ಮಾಸಿರುತ್ತದೆ.