ಆನ್‌ಲೈನ್ ಗೇಮ್‌ಗೆ ಲಿನಕ್ಸ್ ಒಂದೇ ಸಾಕಾ, ವಿಂಡೋಸೂ ಇರಬೇಕಾ?

ನನ್ನ ಮಟ್ಟಿಗೆ ಲಿನಕ್ಸ್ ಒಂದೇ ಸಾಕು. ಲ್ಯಾಮಿಂಗ್ಟನ್ ರೋಡಿನಿಂದ ಇನ್ನೊಂದು ಎಸ್‌ಎಸ್‌ಡಿ ತಂದು, ಅದಕ್ಕೆ ವಿಂಡೋಸ್ ಹಾಕಿ, ಎರಡರಲ್ಲೂ ಆಡಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ವಿಂಡೋಸ್ ತಂದಿದ್ದೇ ವ್ಯಾಲೊರಂಟ್‌ಗಾಗಿ. ಡೊಂಬಿವಲಿಯಲ್ಲಿರುವ ಚಿಕ್ಕಪ್ಪನ ಮಗ, ಅವನ ಗೆಳೆಯರು ಎಲ್ಲ ಆಡುವುದು ಅದನ್ನೇ. ಆಟದಲ್ಲಿ ಮೋಸ ತಡೆಯುವ ಅದರ ಆಂಟಿ-ಚೀಟ್ ವ್ಯಾನ್‌ಗಾರ್ಡ್ ವಿಂಡೋಸ್ ಕರ್ನಲ್‌ನಲ್ಲಿ, ಅಂದರೆ ಓಎಸ್‌ನ ತಿರುಳಿನಲ್ಲೇ ಕೂರುತ್ತದೆ, ಕಂಪ್ಯೂಟರ್ ಆನ್ ಆದಾಗಲೇ ಶುರುವಾಗುತ್ತದೆ. ಲಿನಕ್ಸ್‌ನಲ್ಲಿ ಆ ಕರ್ನಲ್ಲೇ ಇಲ್ಲವಲ್ಲ, ಹಾಗಾಗಿ ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಇದ್ದರೂ ಉಪಯೋಗವಿಲ್ಲ. ಲಿನಕ್ಸ್ ಒಳಗೇ ವಿಂಡೋಸ್ ಓಡಿಸುವ ವರ್ಚುವಲ್ ಮಷಿನ್ ಆಸೆಯನ್ನೂ ಬಿಡಿ.

ತಲೆನೋವು ಶುರುವಾಗಿದ್ದು ಸೆಕ್ಯೂರ್ ಬೂಟ್‌ನಿಂದ, ಅಂದರೆ ನಂಬಿಕಸ್ಥ ಸಹಿ ಇರುವ ಸಾಫ್ಟ್‌ವೇರ್‌ಗೆ ಮಾತ್ರ ಬೂಟ್ ಆಗಲು ಬಿಡುವ ಸೆಟ್ಟಿಂಗ್‌ನಿಂದ. ವಿಂಡೋಸ್ 11ರಲ್ಲಿ ವ್ಯಾನ್‌ಗಾರ್ಡ್ ಅದನ್ನೂ ಕೇಳುತ್ತದೆ, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆಯನ್ನೂ ಕೇಳುತ್ತದೆ. ಬಯಾಸ್‌ಗೆ ಹೋಗಿ ಆನ್ ಮಾಡಿದೆ, ಗೇಮ್ ಓಡಿತು. ಆಮೇಲೆ ಲಿನಕ್ಸ್‌ಗೆ ಬಂದರೆ ಅಕ್ಷರಗಳೆಲ್ಲ ದಪ್ಪದಪ್ಪ, ಎರಡನೇ ಮಾನಿಟರ್ ಪೂರ್ತಿ ಕಪ್ಪು. ಗ್ರಾಫಿಕ್ಸ್ ಡ್ರೈವರ್‌ಗೆ ಸಹಿ ಇಲ್ಲ ಅಂತ ಕರ್ನಲ್ ಅದನ್ನು ಒಳಗೇ ಸೇರಿಸಿರಲಿಲ್ಲ.

ಇದಕ್ಕೆ ದಾರಿ ಇದೆ. ನಮ್ಮದೇ ಒಂದು ಕೀ ಮಾಡಿಕೊಂಡು ಡ್ರೈವರ್‌ಗೆ ಸಹಿ ಹಾಕಬೇಕು. ಟರ್ಮಿನಲ್‌ನಲ್ಲಿ ಒಂದು ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಬೇಕು. ಆಗ ಬರುವ ನೀಲಿ ಸ್ಕ್ರೀನ್‌ನಲ್ಲಿ 10 ಸೆಕೆಂಡ್ ಒಳಗೆ ಯಾವುದಾದರೂ ಬಟನ್ ಒತ್ತಿ, ‘ಎನ್‌ರೋಲ್ ಮಾಕ್’ (ನಮ್ಮ ಕೀ ಸೇರಿಸುವ ಆಯ್ಕೆ) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ನನ್ನ ಮಾನಿಟರ್ ಎಚ್ಚರವಾಗುವಷ್ಟರಲ್ಲಿ ಆ 10 ಸೆಕೆಂಡ್ ಮುಗಿದೇ ಹೋಗುತ್ತಿತ್ತು. ಮತ್ತೆ ಮೊದಲಿಂದ ಶುರು. ಕೊನೆಗೆ ಹಾಲ್‌ನ ಟಿವಿಗೆ ಕೇಬಲ್ ಎಳೆದು ಕೆಲಸ ಮುಗಿಸಿದೆ.

ಎರಡೂ ಓಎಸ್ ಇದ್ದರೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಅದು ಒಂದು ಕಮಾಂಡ್‌ನಲ್ಲಿ ಸರಿಹೋಗುತ್ತದೆ.

ಲಿನಕ್ಸ್‌ನಲ್ಲಿ ನಾನು ಜಾಸ್ತಿ ಆಡುವುದು ಕೌಂಟರ್-ಸ್ಟ್ರೈಕ್ 2. ಲಿನಕ್ಸ್‌ಗೇ ಮಾಡಿದ ಆವೃತ್ತಿ ಇದೆ, ದುಡ್ಡು ಕೊಡಬೇಕಿಲ್ಲ, ಸರ್ವರ್ ಮುಂಬೈಯಲ್ಲೇ ಇದೆ. ಮಾರ್ವೆಲ್ ರೈವಲ್ಸ್, ದಿ ಫೈನಲ್ಸ್ ಪ್ರೋಟಾನ್‌ನಲ್ಲಿ ಆರಾಮಾಗಿ ಓಡುತ್ತವೆ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಅನ್ನುವ ಆಂಟಿ-ಚೀಟ್‌ಗಳೆರಡೂ 2021ರಿಂದಲೇ ಪ್ರೋಟಾನ್‌ಗೆ ಒಪ್ಪಿವೆ. ಆದರೆ ಗೇಮ್ ಮಾಡಿದವರು ಅದನ್ನು ಆನ್ ಮಾಡಬೇಕು. ನನಗೆ ಬೇಜಾರು ಇದೇ. 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಬಂದ ಮೇಲೆ ಜಿಟಿಎ ಆನ್‌ಲೈನ್ ಲಿನಕ್ಸ್‌ನವರ ಕೈತಪ್ಪಿತು. ಚೆನ್ನಾಗಿ ಓಡುತ್ತಿದ್ದ ಅಪೆಕ್ಸ್ ಲೆಜೆಂಡ್ಸ್ ಮರು ತಿಂಗಳೇ ಲಿನಕ್ಸ್‌ಗೆ ಬಾಗಿಲು ಹಾಕಿತು. ಅದಕ್ಕೇ ಆನ್‌ಲೈನ್ ಗೇಮ್‌ಗೆ ದುಡ್ಡು ಹಾಕುವ ಮುಂಚೆ ಯಾವ ಗೇಮ್ ಲಿನಕ್ಸ್‌ನಲ್ಲಿ ಹೇಗೆ ಓಡುತ್ತದೆ ಅಂತ ಆಡುವವರೇ ಬರೆಯುವ ಪ್ರೋಟಾನ್‌ಡಿಬಿ ತಾಣದಲ್ಲಿ ಇತ್ತೀಚಿನ ವರದಿಗಳನ್ನು ಓದಲೇಬೇಕು.

ಘಾಟ್ಕೋಪರ್‌ನಲ್ಲಿ ಮೆಟ್ರೋ ಇಳಿದು, ಲೋಕಲ್ ಹಿಡಿದು ಮುಲುಂಡ್ ಮನೆ ಸೇರುವಷ್ಟರಲ್ಲಿ ಒಂಬತ್ತೂವರೆ. ಊಟ ಆದ ಮೇಲೆ ಸಿಗುವ ಒಂದು ಗಂಟೆಯನ್ನು ರೀಬೂಟ್‌ಗೂ ಅಪ್‌ಡೇಟ್‌ಗೂ ಕೊಡಲು ನನಗೆ ಮನಸ್ಸಿಲ್ಲ. ಆ ಎಸ್‌ಎಸ್‌ಡಿಯಿಂದ ವಿಂಡೋಸ್ ಅಳಿಸಿ ಸ್ಟೀಮ್ ಲೈಬ್ರರಿ ಇಟ್ಟಿದ್ದೇನೆ. ನಿಮ್ಮ ಬಳಗ ವ್ಯಾಲೊರಂಟ್ ಬಿಡುವುದಿಲ್ಲ ಅಂದರೆ ವಿಂಡೋಸ್‌ಗೆ ಬೇರೆ ಡಿಸ್ಕೇ ಇರಲಿ, ಸೆಕ್ಯೂರ್ ಬೂಟ್ ಆನ್ ಮಾಡಿಕೊಂಡ ಮೇಲೆಯೇ ಲಿನಕ್ಸ್ ಹಾಕಿ.